ಊರೊಟ್ಟಿನ ಸೊತ್ತು: ಗೋವೆಯ ಗಾಂವಕಾರಿ

ಸಂಸಾರ ನಡೆಸುವವನಿಗೆ ತನ್ನದಾವುದು, ಹತ್ತು ಜನರದಾವುದು ಎಂಬ ವಿವೇಕ ಮೊದಲು ಬೇಕು. ಈ ವಿವೇಕವನ್ನು ಒಂದು ಊರೇ ಕಟ್ಟಳೆಯಾಗಿ ನಡೆಸಿಕೊಂಡು ಬಂದ ಇತಿಹಾಸವು ನಾವು ಬಾಳುತ್ತಿರುವ ಗೋವೆಯ ನೆಲದಲ್ಲಿಯೇ ಇದೆ. ಕನ್ನಡ ಶಾಸನಗಳನ್ನು ಬರೆಯಿಸಿದ ಕದಂಬರೂ, ಅವರ ತರುವಾಯ ವಿಜಯನಗರದವರೂ ಆಳಿದ ಈ ನಾಡಿನ ಗಾಂವಕಾರಿ ಪದ್ಧತಿಯನ್ನು ಕನ್ನಡಿಗರು ಅರಿಯುವುದು ಉಚಿತವಾಗಿದೆ. ಅಂಕೋಲೆ, ಕಾರವಾರಗಳ ಕಡೆ ಇಂದಿಗೂ ಮನೆತನದ ಹೆಸರಾಗಿರುವ ‘ಗಾಂವಕರ’ ಎಂಬ ಮಾತು ನಮಗೆ ಅಪರಿಚಿತವಲ್ಲ.

ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಗೆದ್ದಾಗ ಈ ಪದ್ಧತಿ ಆಗಲೇ ಬೇರೂರಿತ್ತು. 1526ರಲ್ಲಿ ಅವರ ಹಣಕಾಸಿನ ಅಧಿಕಾರಿಯಾದ ಅಫೋನ್ಸೊ ಮೆಶಿಯಾ ಎಂಬವನು ಊರಿನ ರೂಢಿಗಳನ್ನು ಒಂದು ಸನದಿನಲ್ಲಿ ಬರೆಯಿಸಿದನು. ಹಿಂದೆ ನಾಲ್ವರು ಬಂದು ಪಾಳುಬಿದ್ದ ದ್ವೀಪವನ್ನು ಸಾಗುವಳಿಗೆ ತಂದರೆಂದೂ, ಅವರ ಸಂತತಿಯವರೇ ಗಾಂವಕರರೆಂದೂ ಅದರಲ್ಲಿ ಹೇಳಿದೆ. ಹೊಸ ಅರಸರು ದೇಗುಲಗಳನ್ನು ಕೆಡವಿ ಅವುಗಳ ಉಂಬಳಿಯನ್ನು ಇಗರ್ಜಿಗಳಿಗೆ ಕೊಟ್ಟರು. ಗಾಂವಕಾರಿಯನ್ನು ಮಾತ್ರ ಕೆಡವಲಿಲ್ಲ. ‘ಕೊಮುನಿದಾದ್’ ಎಂದು ಹೆಸರಿಟ್ಟು ಉಳಿಸಿಕೊಂಡರು. ಕಂದಾಯವು ತಪ್ಪದೆ ಬರುವುದು ಅವರಿಗೂ ಬೇಕಾಗಿತ್ತಷ್ಟೆ.

ಪದ್ಧತಿಯ ತಿರುಳು ಸರಳವಾದುದು. ಮನೆ, ಹಿತ್ತಿಲುಗಳು ಮನೆತನದವು. ಬಯಲುಗದ್ದೆ, ಕೆರೆ, ಗುಡ್ಡಗಳು ಊರಿನವು. ಗದ್ದೆಗಳನ್ನು ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಹರಾಜಿನಲ್ಲಿ ಗೇಣಿಗೆ ಕೊಡುತ್ತಿದ್ದರು. ಬಂದ ಹಣದಲ್ಲಿ ಮೊದಲು ಅರಸನ ಕಂದಾಯ, ದೇವರ ವೆಚ್ಚ, ಊರಿನ ಚಾಕರಿಯವರ ಪಾಲು, ಕಟ್ಟೆಗಳ ದುರಸ್ತಿ. ಇವೆಲ್ಲ ತೀರಿದ ಮೇಲೆ ಉಳಿದುದನ್ನು ‘ಜೊಣ್’ ಎಂಬ ಹೆಸರಿನಿಂದ ಗಾಂವಕರರು ಹಂಚಿಕೊಳ್ಳುತ್ತಿದ್ದರು. ಕೊರತೆ ಬಿದ್ದರೆ ಕೊರತೆಯನ್ನೂ ಹಂಚಿಕೊಳ್ಳಬೇಕಾಗಿತ್ತು. ಲಾಭಕ್ಕೆ ಮುಂದಾಗಿ ನಷ್ಟಕ್ಕೆ ಹಿಂದಾಗುವವನಿಗೆ ಅಲ್ಲಿ ಎಡೆಯಿರಲಿಲ್ಲ.

ಈ ಒಗ್ಗಟ್ಟು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ‘ಖಜಾನ’ ಭೂಮಿಗೆ. ಮಾಂಡವಿ, ಜುವಾರಿ ನದಿಗಳ ಅಳಿವೆಯ ತಗ್ಗುನೆಲಕ್ಕೆ ಮಣ್ಣು, ಕಲ್ಲು, ಹುಲ್ಲಿನ ಕಟ್ಟೆ ಹಾಕಿ ಉಪ್ಪುನೀರನ್ನು ತಡೆದು ಭತ್ತ ಬೆಳೆಯುತ್ತಾರೆ. ಕಟ್ಟೆಯಲ್ಲಿರುವ ‘ಮಾನಸ’ ಎಂಬ ತೂಬಿನ ಮರದ ಕದವು ಇಳಿತದಲ್ಲಿ ತಾನೇ ತೆರೆದು ಒಳನೀರನ್ನು ಬಿಡುತ್ತದೆ. ಭರತದಲ್ಲಿ ಹೊರನೀರಿನ ಒತ್ತಡದಿಂದ ತಾನೇ ಮುಚ್ಚುತ್ತದೆ. ಒಂದು ಕಡೆ ಕಟ್ಟೆ ಒಡೆದರೆ ಇಡೀ ಬಯಲಿಗೆ ಉಪ್ಪು. ನೆರೆಯವನ ಗದ್ದೆ ಉಳಿದರೆ ಮಾತ್ರ ನನ್ನ ಗದ್ದೆ ಉಳಿದೀತು. ನಮ್ಮ ಕುಮಟಾ ತಾಲೂಕಿನಲ್ಲಿ ಅಘನಾಶಿನಿಯ ದಂಡೆಯ ಮಾಣಿಕಟ್ಟೆಯ ಗಜನಿಗಳಲ್ಲಿ ಕಗ್ಗ ಭತ್ತವನ್ನು ಬೆಳೆದ ರೈತರೂ ಇದೇ ಪಾಠವನ್ನು ಕಲಿತವರು.

ಹಾಗೆಂದು ಹಳೆಯದೆಲ್ಲವೂ ಹೊನ್ನೆಂದು ನಾವು ಹೇಳಲಾರೆವು. ಪಾಲು ಗಂಡುಸಂತತಿಗೆ ಮಾತ್ರ ಸಲ್ಲುತ್ತಿತ್ತು. ಕೆಸರಿನಲ್ಲಿ ದುಡಿದ ಹೆಣ್ಣಿಗೂ, ಹೊರಗಿನಿಂದ ಬಂದ ಒಕ್ಕಲಿಗೂ ಊರಿನ ಮಾತಿನಲ್ಲಿ ಹಕ್ಕಿರಲಿಲ್ಲ. 1961ರಲ್ಲಿ ಗೋವೆ ವಿಮೋಚನೆ ಹೊಂದಿತು. 1964ರ ಗೇಣಿ ಕಾಯಿದೆಯೂ 1976ರ ಅದರ ತಿದ್ದುಪಡಿಯೂ ಉಳುವವನಿಗೆ ಭೂಮಿಯನ್ನು ಕೊಟ್ಟವು. ಇದು ನ್ಯಾಯವೇ. ಆದರೆ ಗಾಂವಕಾರಿಯ ಗೇಣಿಯ ಆದಾಯ ಕರಗಿ, ಕಟ್ಟೆಯ ಹೊಣೆ ಗೇಣಿದಾರರ ಸಂಘಗಳ ಮೇಲೆ ಬಿದ್ದಿತು. ಎಷ್ಟೋ ಕಡೆ ಭತ್ತಕ್ಕಿಂತ ತೂಬಿನ ಬಾಯಿಯ ಮೀನು, ಸಿಗಡಿಗಳ ಹರಾಜಿನಲ್ಲಿಯೇ ಹೆಚ್ಚು ಹಣ ಕಂಡಿತು. ಅದಕ್ಕಾಗಿ ಉಪ್ಪುನೀರನ್ನು ಬೇಕೆಂದೇ ಒಳಗೆ ಬಿಟ್ಟುದೂ ಉಂಟು. ನೆಲಕ್ಕೆ ಒಡೆಯರಾದರು, ಕಟ್ಟೆಗೆ ಯಾರೂ ಒಡೆಯರಾಗಲಿಲ್ಲ. ಬಯಲುಗಳು ಪಾಳುಬಿದ್ದುವು.

ಹಕ್ಕು ಬಂದಾಗ ಹೊಣೆಯನ್ನೂ ಅದರೊಡನೆ ಕೈಗೆತ್ತಿಕೊಳ್ಳಬೇಕೆಂಬುದೇ ಈ ಚರಿತ್ರೆಯಿಂದ ನಾವು ಕಲಿಯತಕ್ಕ ನೀತಿ. ಗದಗ, ಬಾಗಲಕೋಟೆ, ವಿಜಯಪುರಗಳಿಂದ ದುಡಿಮೆಗೆಂದು ಬಂದು ಇಲ್ಲಿ ನೆಲೆಸಿದ ನಮಗೆ ಗಾಂವಕಾರಿಯ ಪಾಲಿಲ್ಲ. ಆದರೆ ಸಂಘವೆಂಬುದೂ ಒಂದು ಕಟ್ಟೆಯೇ. ವರ್ಗಣಿ ಕೊಟ್ಟವನು ಲೆಕ್ಕವನ್ನೂ ಕೇಳಲಿ. ಲೆಕ್ಕ ಕೇಳಿದವನು ಬಿರುಕು ಕಂಡೆಡೆ ಒಂದು ಬುಟ್ಟಿ ಮಣ್ಣನ್ನೂ ಹೊರಲಿ. ಮಕ್ಕಳಿಗೆ ಹಂಚಲು ಉಳಿಯುವುದು ಕಟ್ಟೆಯನ್ನು ಕಾಯ್ದ ಮೇಲಿನ ಪಾಲೇ ಹೊರತು ಬೇರೆಯಲ್ಲ.