ಎಳೆಯ ಮಕ್ಕಳ ಜ್ವರಸೆಳವು: ಚಿಕಿತ್ಸೆ ಹಿಂದೆ ಸರಿದ ಬಗೆ

ಏರುಜ್ವರದಲ್ಲಿ ಮಕ್ಕಳಿಗೆ ಸೆಳವು ಬರುವುದನ್ನೂ ಏಳನೆಯ ವಯಸ್ಸಿನವರೆಗೆ ಅದು ಸುಲಭವಾಗಿ ಕಾಣಿಸಿಕೊಳ್ಳುವುದನ್ನೂ ಗ್ರೀಸಿನ ಹಿಪ್ಪಾಕ್ರಟಿಸ್ ಪರಂಪರೆಯ ಗ್ರಂಥಗಳು ಬಹು ಹಿಂದೆಯೇ ಗುರುತಿಸಿದ್ದವು. ಸುಶ್ರುತಸಂಹಿತೆಯ ಉತ್ತರತಂತ್ರವು ಮಕ್ಕಳನ್ನು ಕಾಡುವ ಒಂಬತ್ತು ಗ್ರಹಗಳನ್ನು ಹೆಸರಿಸಿತು. ಕನ್ನಡದ ಮನೆಗಳಲ್ಲಿ ಬಳಕೆಯಲ್ಲಿರುವ ‘ಬಾಲಗ್ರಹ’ದ ಕಲ್ಪನೆ ಆ ಪರಂಪರೆಗೆ ಸೇರಿದ್ದು. ಯುರೋಪಿನಲ್ಲಿ ತಪ್ಪು ಹಲ್ಲಿನ ತಲೆಗೆ ಬಂತು. ಜ್ವರ, ಸೆಳವು, ಹಲ್ಲು ಮೂಡುವಿಕೆ ಮೂರೂ ಒಂದೇ ವಯಸ್ಸಿನಲ್ಲಿ ಕೂಡಿಬರುತ್ತಿದ್ದುದರಿಂದ ಈ ಊಹೆ ಸಹಜವಾಗಿ ಕಂಡಿರಬೇಕು. 16ನೆಯ ಶತಮಾನದಲ್ಲಿ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ವಸಡು ಸೀಳಿ ಹಲ್ಲಿಗೆ ದಾರಿ ಮಾಡಿಕೊಡಬೇಕೆಂದು ಬರೆದ. ಅಲಗು ಹಲ್ಲಿಗೆ ತಾಗುವವರೆಗೂ ಕೂಸಿನ ವಸಡನ್ನು ಕೊಯ್ಯುವ ಈ ಪದ್ಧತಿ 19ನೆಯ ಶತಮಾನದಲ್ಲೂ ನಡೆದೇ ಇತ್ತು, ಲಂಡನ್ನಿನ ಹಳೆಯ ಮರಣಪಟ್ಟಿಗಳಲ್ಲಂತೂ ‘ಹಲ್ಲು’ ಎಂಬುದೇ ಒಂದು ಸಾವಿನ ಕಾರಣವಾಗಿತ್ತು.

ಅಲಗಿನ ಜಾಗಕ್ಕೆ ಮುಂದೆ ಔಷಧ ಬಂತು. 1912ರಲ್ಲಿ ಅಪಸ್ಮಾರಕ್ಕೆ, ಎಂದರೆ ಜ್ವರವಿಲ್ಲದೆಯೂ ಮರುಕಳಿಸುವ ಸೆಳವಿನ ರೋಗಕ್ಕೆ, ಬಳಕೆಗೆ ಬಂದ ಫೀನೋಬಾರ್ಬಿಟಾಲನ್ನು ಒಮ್ಮೆ ಜ್ವರಸೆಳವು ಕಂಡ ಮಕ್ಕಳಿಗೂ ದಿನನಿತ್ಯ, ವರ್ಷಗಟ್ಟಲೆ ಕುಡಿಸುವುದು ರೂಢಿಯಾಯಿತು. ದೊಡ್ಡಾಸ್ಪತ್ರೆಗಳ ವೈದ್ಯರ ಕಣ್ಣಿಗೆ ಬೀಳುತ್ತಿದ್ದವರು ತೀವ್ರ ತೊಂದರೆಯ ಮಕ್ಕಳೇ ಆದುದರಿಂದ, ಅಪಸ್ಮಾರದ ಭಯ ಇದ್ದುದಕ್ಕಿಂತ ದೊಡ್ಡದಾಗಿ ಬೆಳೆದಿತ್ತು. ಅಮೆರಿಕದ ಕರಿನ್ ನೆಲ್ಸನ್ ಮತ್ತು ಜೋನಾಸ್ ಎಲೆನ್‌ಬರ್ಗ್ ಹುಟ್ಟಿಗೆ ಮೊದಲೇ ಅಧ್ಯಯನಕ್ಕೆ ಸೇರಿದ್ದ ಮಕ್ಕಳ ಪೈಕಿ ಜ್ವರಸೆಳವು ಕಂಡ 1,706 ಮಂದಿಯ ಏಳು ವರ್ಷದವರೆಗಿನ ದಾಖಲೆಗಳನ್ನು ಪರಿಶೀಲಿಸಿ, ಅಪಸ್ಮಾರ ಬಂದದ್ದು ನೂರಕ್ಕೆ ಇಬ್ಬರಿಗೆ ಮಾತ್ರ ಎಂದು 1976ರಲ್ಲಿ ತೋರಿಸಿದರು. 1990ರಲ್ಲಿ ಪ್ರಕಟವಾದ, 217 ಮಕ್ಕಳ ಮೇಲಿನ ಪ್ರಯೋಗವು ಇನ್ನೂ ಕಟುವಾದುದನ್ನು ಹೇಳಿತು: ಫೀನೋಬಾರ್ಬಿಟಾಲ್ ಪಡೆದ ಗುಂಪಿನ ಸರಾಸರಿ ಬುದ್ಧ್ಯಂಕ ಎರಡು ವರ್ಷಗಳ ಬಳಿಕ ಅದನ್ನು ಪಡೆಯದ ಗುಂಪಿಗಿಂತ 8.4ರಷ್ಟು ಕೆಳಗಿತ್ತು, ಸೆಳವಿನ ಮರುಕಳಿಕೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ರೋಗಕ್ಕಿಂತ ಮದ್ದೇ ಹೆಚ್ಚು ಹಾನಿ ಮಾಡಿತ್ತು ಎಂಬ ತೀರ್ಮಾನದಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಹೀಗೆ ವೈದ್ಯರ ಗಮನ ಸೆಳವಿನಿಂದ ಜ್ವರದ ಮೂಲದತ್ತ ತಿರುಗಿತು. ಹದಿನೈದು ನಿಮಿಷದೊಳಗೆ ನಿಂತು, ಇಡೀ ಮೈಯನ್ನು ಆವರಿಸಿ, 24 ಗಂಟೆಗಳಲ್ಲಿ ಮರುಕಳಿಸದ ಸೆಳವನ್ನು ‘ಸರಳ’ ಎಂದು ಬೇರ್ಪಡಿಸಿ, ಅದಕ್ಕೆ ಮಿದುಳಿನ ಸ್ಕ್ಯಾನ್ ಬೇಡವೆಂದರು. ಉಳಿದ ನಿಜವಾದ ಆತಂಕ ಮಿದುಳುಪೊರೆಯ ಸೋಂಕಾದ ಮೆನಿಂಜೈಟಿಸ್‌ನದು. ಅದಕ್ಕಾಗಿ ವರ್ಷ ತುಂಬದ ಕೂಸಿನ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುವುದನ್ನು ಗಂಭೀರವಾಗಿ ಪರಿಗಣಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1996ರಲ್ಲಿ ಸೂಚಿಸಿತ್ತು. ಹಿಬ್ ಮತ್ತು ನ್ಯುಮೊಕಾಕಲ್ ಲಸಿಕೆಗಳು ಆ ಸೋಂಕನ್ನು ವಿರಳವಾಗಿಸಿದ ಮೇಲೆ, 2011ರ ಪರಿಷ್ಕರಣೆಯಲ್ಲಿ ಆರರಿಂದ ಹನ್ನೆರಡು ತಿಂಗಳ ಮಗುವಿನ ಲಸಿಕೆಯ ವಿವರವೇ ಆ ಸೂಜಿಯ ಅಗತ್ಯವನ್ನು ನಿರ್ಧರಿಸುವ ಅಂಶಗಳಲ್ಲಿ ಒಂದಾಯಿತು.