ಹೆಜ್ಜೆಯ ಲೆಕ್ಕ, ಅಂತರಂಗದ ಗುಟ್ಟು

ಜೋಯಿಡಾ, ದಾಂಡೇಲಿಯ ಅರಣ್ಯಗಳಲ್ಲಿ ಹೆಜ್ಜೆಗುರುತನ್ನು ಓದುವ ವಿದ್ಯೆ ಹಳೆಯದು. ದೇಶದ ಹುಲಿಗಳನ್ನು ದಶಕಗಳ ಕಾಲ ಹೆಜ್ಜೆಗುರುತಿನಿಂದಲೇ ಎಣಿಸಲಾಯಿತು; 2006ರ ಗಣತಿಯಿಂದ ಆ ಸ್ಥಾನಕ್ಕೆ ಕ್ಯಾಮರಾ ಬಂದಿತು. 2010ರಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳಿಗಾಗಿ ರೂಪುಗೊಂಡ ‘ಎಂ-ಸ್ಟ್ರೈಪ್ಸ್’ ವ್ಯವಸ್ಥೆಯು ಗಸ್ತು ತಿರುಗುವ ಸಿಬ್ಬಂದಿಯ ಹಾದಿಯನ್ನೂ ದಾಖಲಿಸತೊಡಗಿತು. ಕಾಡಿನ ರಕ್ಷಣೆಗೆ ಅದು ಅವಶ್ಯಕವೇ. ಆದರೆ ಇಂದು ಹಳಿಯಾಳ, ಮುಂಡಗೋಡಗಳ ಮನೆಗಳಲ್ಲಿಯೂ ಮಣಿಕಟ್ಟಿನ ಫಿಟ್ನೆಸ್ ಬ್ಯಾಂಡು ನಮ್ಮ ಹೆಜ್ಜೆಗಳನ್ನು ಎಣಿಸುತ್ತಿದೆ. ಆ ಎಣಿಕೆ ಯಾರ ಕೈ ಸೇರುತ್ತದೆ ಎಂಬುದು ವಿಚಾರಣೀಯ.

1965ರಲ್ಲಿ ಜಪಾನಿನಲ್ಲಿ ‘ಮಾನ್ಪೊ-ಕೈ’, ಅಂದರೆ ಹತ್ತು ಸಾವಿರ ಹೆಜ್ಜೆಗಳ ಮಾಪಕ, ಮಾರಾಟಕ್ಕೆ ಬಂದಿತು. ಅದರ ಅಂಕಿಯು ಧರಿಸಿದವನ ಬಳಿಯಲ್ಲಿಯೇ ಉಳಿಯುತ್ತಿತ್ತು. 2009ರಲ್ಲಿ ‘ಫಿಟ್‌ಬಿಟ್’ ಬಂದ ಮೇಲೆ ಆ ಅಂಕಿಯು ಅಂತರ್ಜಾಲದ ಮೂಲಕ ಕಂಪನಿಯ ಗಣಕಯಂತ್ರಕ್ಕೆ ಹೋಗತೊಡಗಿತು. ಮುಂದೆ ನಾಡಿಬಡಿತವೂ ನಿದ್ರೆಯೂ ಅದೇ ದಾರಿ ಹಿಡಿದವು. ‘ಸ್ಟ್ರಾವಾ’ ಸಂಸ್ಥೆಯು 2017ರಲ್ಲಿ ತನ್ನ ಬಳಕೆದಾರರ ಓಟ-ನಡಿಗೆಗಳ ನಕ್ಷೆಯೊಂದನ್ನು ಪ್ರಕಟಿಸಿತು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಆದರೂ ಅನೇಕ ಸೇನಾ ನೆಲೆಗಳ ಗುಟ್ಟು ಅದರಿಂದ ಹೊರಬಿದ್ದುದು 2018ರ ಜನವರಿಯಲ್ಲಿ ಜಗತ್ತಿಗೆ ತಿಳಿಯಿತು.

ನಮ್ಮ ರಾಜ್ಯದ ಅನುಭವವೂ ಇದೆ. 2020ರ ಮಾರ್ಚ್‌ನಲ್ಲಿ, ಕೋವಿಡ್ ಕಾಲದಲ್ಲಿ, ಗೃಹಬಂಧನದಲ್ಲಿದ್ದವರು ಹಗಲಿನಲ್ಲಿ ಗಂಟೆಗೊಮ್ಮೆ ತಮ್ಮ ಭಾವಚಿತ್ರವನ್ನು ಮೊಬೈಲಿನಿಂದ ಕಳುಹಿಸಬೇಕೆಂದು ಸರ್ಕಾರವು ವಿಧಿಸಿತು. ಅವರ ವಿಳಾಸಗಳೂ ಬಹಿರಂಗವಾದವು. ಉದ್ದೇಶ ಲೋಕಹಿತವೇ ಆಗಿದ್ದರೂ, ಒಮ್ಮೆ ಹೊರಬಿದ್ದ ವಿಳಾಸವನ್ನು ಮರಳಿ ಗುಟ್ಟಾಗಿಸುವುದು ಅಸಾಧ್ಯ.

ಈ ದೋಷವನ್ನು ನಮ್ಮ ಪೂರ್ವಾಚಾರ್ಯರು ಬಹು ಹಿಂದೆಯೇ ಗುರುತಿಸಿದ್ದರು. ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ‘ರಹೋಭ್ಯಾಖ್ಯಾನ’, ‘ನ್ಯಾಸಾಪಹಾರ’ ಮತ್ತು ‘ಸಾಕಾರಮಂತ್ರಭೇದ’ಗಳನ್ನು ಎಣಿಸಿದೆ. ಏಕಾಂತದ ವಿಷಯವನ್ನು ಬಯಲಿಗೆಳೆಯುವುದು ಮೊದಲನೆಯದು. ನಂಬಿ ಇರಿಸಿದುದನ್ನು ಅಪಹರಿಸುವುದು ಎರಡನೆಯದು. ಮೂರನೆಯದನ್ನು ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ: ಅಂಗವಿಕಾರ, ಹುಬ್ಬಿನ ಚಲನೆ ಮೊದಲಾದವುಗಳಿಂದ ಪರರ ಮನಸ್ಸನ್ನರಿತು ಅದನ್ನು ಹೊರಗೆಡಹುವುದು. ದೇಹದ ಚಿಹ್ನೆಯನ್ನು ಓದಿ ಅನ್ಯರಿಗೆ ತಿಳಿಸುವುದೆಂದರೆ, ಇಂದಿನ ಯಂತ್ರದ ಕೆಲಸವೂ ಇದಕ್ಕೆ ದೂರವಲ್ಲ.

ಕಾನೂನು ಈ ವಿವೇಕಕ್ಕೆ ತಡವಾಗಿ ಬಂದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿ, ಸಮ್ಮತಿಗೆ ಪ್ರಾಧಾನ್ಯವಿತ್ತಿತು.

ಆದರೆ ಮನೆಯೊಳಗಿನ ಸಂಯಮವನ್ನು ಕಾಯ್ದೆ ಕಲಿಸಲಾರದು. ದೂರದ ಊರಿನಲ್ಲಿ ನೌಕರಿಯಲ್ಲಿರುವ ಮಗ ಪ್ರೀತಿಯಿಂದಲೇ ತಂದೆಯ ಕೈಗೆ ಬ್ಯಾಂಡು ಕಟ್ಟುತ್ತಾನೆ. “ಅಪ್ಪಾ, ರಾತ್ರಿ ನಿದ್ದಿ ಬಂತೇನು?” ಎಂದು ಕೇಳುತ್ತಿದ್ದವನು, “ಎರಡು ಗಂಟೆತನಕ ಎಚ್ಚರ ಇದ್ರೀ” ಎಂದು ತಾನೇ ಹೇಳುವಂತಾದರೆ, ತಂದೆಗೆ ಹೇಳಲು ಏನು ಉಳಿಯಿತು? ತನ್ನ ದುಃಖವನ್ನು ಹೇಳುವ ಅಥವಾ ಹೇಳದಿರುವ ಸ್ವಾತಂತ್ರ್ಯ ವೃದ್ಧರಿಗೂ ಇರಬೇಕು. ಆರೋಗ್ಯ ಶಿಬಿರ, ನಡಿಗೆಯ ಸ್ಪರ್ಧೆಗಳನ್ನು ಏರ್ಪಡಿಸುವ ಬಸದಿಗಳ ಟ್ರಸ್ಟುಗಳೂ ಅನುಮತಿಯಿಲ್ಲದೆ ಯಾರ ಅಂಕಿಯನ್ನೂ ಫಲಕಕ್ಕೆ ಏರಿಸಬಾರದು.

ಪರರ ಶರೀರದ ವಾರ್ತೆ ನಮ್ಮಲ್ಲಿ ಇರಿಸಿದ ನ್ಯಾಸ. ಅದನ್ನು ಕಾಯುವುದು ಧರ್ಮ.