ವಿರೂಪಾಕ್ಷ ಬಜಾರು

ಹಂಪಿಯ ವಿರೂಪಾಕ್ಷ ದೇವಾಲಯದ ಪೂರ್ವ ಗೋಪುರದಿಂದ ಮಾತಂಗ ಪರ್ವತದ ಬುಡದವರೆಗೆ ಚಾಚಿರುವ ತೇರುಬೀದಿ ಮತ್ತು ಅದರ ಇಬ್ಬದಿಯ ಹಳೆಯ ಪೇಟೆ. ಹಂಪಿ ಬಜಾರ್, ರಥಬೀದಿ ಎಂಬ ಹೆಸರುಗಳೂ ಬಳಕೆಯಲ್ಲಿವೆ. ಹೊಸಪೇಟೆಯಿಂದ ಸುಮಾರು 12 ಕಿ.ಮೀ. ದೂರದಲ್ಲಿರುವ ಈ ಬೀದಿ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದವಿದೆ. ವಿಜಯನಗರದ ಪೇಟೆಗಳಲ್ಲಿ ಕೃಷ್ಣ ಬಜಾರು, ಅಚ್ಯುತರಾಯನ ಬಜಾರು, ವಿಠಲ ಬಜಾರು ಇವೆಲ್ಲ ಬಿಕೋ ಎನ್ನುವ ಕಂಬಸಾಲುಗಳಾಗಿ ಉಳಿದವು. ಇಲ್ಲಿ ಮಾತ್ರ ಕಂಬಗಳ ನಡುವೆ ಒಲೆ ಉರಿಯುತ್ತಿತ್ತು, ಅಂಗಡಿ ನಡೆಯುತ್ತಿತ್ತು, 2011ರವರೆಗೆ.

ಪೇಟೆಗಿಂತ ಕ್ಷೇತ್ರ ಹಳೆಯದು. ತುಂಗಭದ್ರೆಯ ದಂಡೆಯ ಪಂಪಾದೇವಿ, ಅವಳನ್ನು ವರಿಸಿದ ವಿರೂಪಾಕ್ಷ, ಅವನು ತಪಸ್ಸಿಗೆ ಕುಳಿತ ಹೇಮಕೂಟ ಗುಡ್ಡ, ಹೀಗೆ ಬೆಳೆದ ಪಂಪಾಕ್ಷೇತ್ರಕ್ಕೆ ಸಂಗಮ ವಂಶದ ಅರಸರು ವಿಜಯನಗರವನ್ನು ರಾಜಧಾನಿಯಾಗಿ ಕಟ್ಟುವ ಮೊದಲೇ ಯಾತ್ರಿಕರು ಬರುತ್ತಿದ್ದರು. ರಗಳೆಯ ಕವಿ ಹರಿಹರನ ಆರಾಧ್ಯದೈವ ಇದೇ ವಿರೂಪಾಕ್ಷ. ಕಂಪಿಲಿಯ ಅರಸ ಕಂಪಿಲದೇವ ತನ್ನ ತಂದೆ ಮುಮ್ಮಡಿ ಸಿಂಗೆಯ ನಾಯಕ ಮೊದಲಾದವರ ನೆನಪಿಗೆ ಶಿವಲಿಂಗಗಳನ್ನು ಸ್ಥಾಪಿಸಿದ್ದನ್ನು ಹೇಮಕೂಟದ ತ್ರಿಕೂಟ ಗುಡಿಯೊಂದರ ಶಾಸನ ಹೇಳುತ್ತದೆ. ವಿರೂಪಾಕ್ಷನ ಗುಡಿಯ ಉತ್ತರಕ್ಕಿರುವ ಮನ್ಮಥ ಹೊಂಡದ ಸುತ್ತಲಿನ ಪುಟ್ಟ ದೇಗುಲಗಳಲ್ಲೂ ವಿಜಯನಗರಕ್ಕಿಂತ ಹಿಂದಿನವು ಇವೆ.

ದೇವರ ಹೆಸರಿನಲ್ಲಿ ಒಂದೊಂದು ಪುರ, ಪ್ರತಿ ಪುರಕ್ಕೂ ತನ್ನ ತೇರುಬೀದಿ, ಪುಷ್ಕರಣಿ, ಸಂತೆ: ವಿಜಯನಗರ ಬೆಳೆದದ್ದು ಹೀಗೆ. ವಿರೂಪಾಕ್ಷಪುರ ಇವುಗಳಲ್ಲಿ ಹಿರಿಯದು. ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ಇಲ್ಲಿ ರಂಗಮಂಟಪವನ್ನೂ ಅದರ ಮುಂದಿನ ಗೋಪುರವನ್ನೂ ಕಟ್ಟಿಸಿ, ಹೊರಗಿನ ದೊಡ್ಡ ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿದ. ಇದು 1510ರ ಶಾಸನದಲ್ಲಿದೆ. ಆ ಹೊತ್ತಿಗಾಗಲೇ ದೊಡ್ಡ ಗೋಪುರ ದುರಸ್ತಿ ಬೇಡುವಷ್ಟು ಹಳತಾಗಿತ್ತು ಎಂದಾಯಿತು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಗಾರೆಯ ಒಂಬತ್ತು ನೆಲೆ, ಸುಮಾರು 50 ಮೀಟರ್ ಎತ್ತರ. ಬೀದಿಯ ಯಾವ ಮೂಲೆಯಲ್ಲಿ ನಿಂತರೂ ಕಾಣುವ ಇದನ್ನು ಸ್ಥಳೀಯರು ಬಿಷ್ಟಪ್ಪಯ್ಯನ ಗೋಪುರ ಎನ್ನುತ್ತಾರೆ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಬೀದಿಯನ್ನು ಕಂಡು ಬರೆದಿದ್ದಾನೆ. ಗುಡಿಯ ಹೆಬ್ಬಾಗಿಲಿನೆದುರು ಮೊಗಸಾಲೆ, ಉಪ್ಪರಿಗೆಗಳಿದ್ದ ಚೆಲುವಾದ ಮನೆಗಳಿದ್ದವು. ಯಾತ್ರಿಕರು ಅಲ್ಲಿ ತಂಗುತ್ತಿದ್ದರು. ಸಿರಿವಂತರಿಗೆ ಬೇರೆ ಬಿಡಾರಗಳಿದ್ದವು. ದೇವರ ದರ್ಶನಕ್ಕೆ ಬಂದಾಗ ಉಳಿಯಲು ಅರಸನಿಗೂ ಅದೇ ಬೀದಿಯಲ್ಲಿ ಒಂದು ಅರಮನೆಯಿತ್ತು. ಪಾಯೆಸ್‌ನ ಈ ಸಾಕ್ಷ್ಯಕ್ಕೆ ತೂಕವಿದೆ. ಹುಟ್ಟಿದಂದಿನಿಂದ ಇದು ಬರಿಯ ವ್ಯಾಪಾರದ ಸಾಲಲ್ಲ, ಜನ ಮಲಗಿ ಎದ್ದು ಉಣ್ಣುತ್ತಿದ್ದ ವಸತಿ ಎಂಬುದಕ್ಕೆ ಕಣ್ಣಾರೆ ಕಂಡವನ ಮಾತು ಇದು.

ಕಟ್ಟಡದ ಪದ್ಧತಿ ಸರಳ. ಎತ್ತರದ ಜಗಲಿ, ಅದರ ಮೇಲೆ ಸುತ್ತಲ ಗುಡ್ಡಗಳಿಂದಲೇ ಸೀಳಿ ತಂದ ಕಣಶಿಲೆಯ ಕಂಬಗಳು. ಬೆಣೆ ಹೊಡೆದು ಬಂಡೆ ಸೀಳಿದ ಗುಳಿಗಳ ಸಾಲನ್ನು ಹಂಪಿಯ ಕಲ್ಲುಗಳ ಅಂಚಿನಲ್ಲಿ ಇವತ್ತಿಗೂ ಎಣಿಸಬಹುದು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರವೇ ಬಂಧ. ಹೆಚ್ಚಿನ ಸಾಲುಮಂಟಪಗಳು ಒಂದೇ ಅಂತಸ್ತಿನವು, ಕೆತ್ತನೆಯೂ ಕಡಿಮೆ. ಪೂರ್ವದ ತುದಿಗೆ ಹೋದಂತೆ ಎರಡು ಅಂತಸ್ತಿನವು ಸಿಗುತ್ತವೆ. ಅವುಗಳಲ್ಲೊಂದರಲ್ಲಿ ನುಣುಪಾದ ಕಪ್ಪುಕಲ್ಲಿನ, ಚಾಲುಕ್ಯ ಶೈಲಿಯ ಕಂಬಗಳಿವೆ. ಹಳೆಯ ಕಂಬಗಳನ್ನು ಹೊಸ ಮಂಟಪಕ್ಕೆ ಜೋಡಿಸಿದ ಆ ಕೆಲಸವನ್ನು ಅವಸರವಿಲ್ಲದೆ ನೋಡಬೇಕು. ಪಕ್ಕದಲ್ಲೇ ಗುಡಿಯ ಕಡೆ ಮುಖಮಾಡಿ ಕುಳಿತ ಏಕಶಿಲೆಯ ದೊಡ್ಡ ನಂದಿ, ಜನರ ಬಾಯಲ್ಲಿ ಎದುರು ಬಸವಣ್ಣ. ಅಲ್ಲಿಂದ ಮೆಟ್ಟಿಲು ಹತ್ತಿ ದಿಣ್ಣೆ ದಾಟಿದರೆ ಅಚ್ಯುತರಾಯನ ಕಾಲದ ತಿರುವೆಂಗಳನಾಥ ದೇವಾಲಯ.

1565ರ ರಕ್ಕಸಗಿ ತಂಗಡಗಿ ಯುದ್ಧದ ಬಳಿಕ ರಾಜಧಾನಿ ಬರಿದಾಯಿತು. ವಿರೂಪಾಕ್ಷನ ಪೂಜೆ ನಿಲ್ಲಲಿಲ್ಲ. ಪೂಜೆ ನಡೆದಲ್ಲಿ ಯಾತ್ರಿಕರು, ಯಾತ್ರಿಕರಿದ್ದಲ್ಲಿ ಹೂವು ಕಾಯಿ ಮಾರುವವರು. ಕಾಲಿನ್ ಮೆಕೆಂಜಿ 1800ರ ಸುಮಾರಿಗೆ ಹಂಪಿಯ ನಕ್ಷೆ ತಯಾರಿಸಿದ; 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಇಲ್ಲಿನ ಕಟ್ಟಡಗಳ ಫೋಟೊ ತೆಗೆದ. ಇಪ್ಪತ್ತನೆಯ ಶತಮಾನದಲ್ಲಿ ಸಾಲುಮಂಟಪಗಳಲ್ಲಿ ಸಂಸಾರಗಳು ನೆಲೆಸಿದವು. ಮೇಲೆ ಚಾವಣಿ, ಕೆಳಗೆ ಜಗಲಿ ಇದ್ದೇ ಇದ್ದವು. ಕಂಬಗಳ ನಡುವೆ ಗೋಡೆಯೆಬ್ಬಿಸಿ ಬಾಗಿಲಿಟ್ಟರೆ ಮನೆ. ಪ್ರವಾಸಿಗರು ಹೆಚ್ಚಿದಂತೆ ಖಾನಾವಳಿ, ಅಂಗಡಿ, ಬಾಡಿಗೆ ಕೋಣೆಗಳು ಬಂದವು. ಕಾಂಕ್ರೀಟಿನ ಕಟ್ಟಡಗಳೂ ಎದ್ದು ಕಂಬಸಾಲು ಮರೆಯಾಯಿತು ಎಂಬ ದೂರಿನಲ್ಲಿ ಹುರುಳಿತ್ತು.

ಯುನೆಸ್ಕೊ 1986ರಲ್ಲಿ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನದಿಗೆ ಸೇತುವೆ ಕಟ್ಟುವ ಕಾಮಗಾರಿಯ ಕಾರಣ 1999ರಲ್ಲಿ ಹಂಪಿ ಅಪಾಯದಂಚಿನ ತಾಣಗಳ ಪಟ್ಟಿಗೆ ಸೇರಿ 2006ರವರೆಗೆ ಅಲ್ಲೇ ಇತ್ತು. ಈ ನಡುವೆ, 2002ರ ಕಾಯ್ದೆಯಿಂದ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರೂಪುಗೊಂಡಿತು. 2011ರ ಜುಲೈ ಕೊನೆಯಲ್ಲಿ ಬುಲ್ಡೋಜರುಗಳು ಬಂದವು. ಮಂಟಪಗಳೊಳಗಿನ ಮತ್ತು ಮುಂದಿನ ಮನೆ, ಅಂಗಡಿಗಳನ್ನು ಕೆಡವಿದರು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಕಡ್ಡಿರಾಂಪುರದಲ್ಲಿ ಪುನರ್ವಸತಿಗೆ ಜಾಗ ಗೊತ್ತುಮಾಡಿದರು. ಆದರೆ ಗುಡಿಯ ಮುಂದೆ ಕುಳಿತು ಮಾರುವವರಿಗೆ ಕೆಲವು ಕಿಲೋಮೀಟರ್ ಆಚೆಯ ನಿವೇಶನದಿಂದ ಹೊಟ್ಟೆ ತುಂಬುವುದಿಲ್ಲ. ಕಾಂಕ್ರೀಟನ್ನು ತೆಗೆಯಲೇಬೇಕಿತ್ತು. ಕಂಬದ ನೆರಳಲ್ಲಿ ಬದುಕು ಕಟ್ಟಿಕೊಂಡವರನ್ನೂ ಅದರ ಜೊತೆ ಗುಡಿಸಿಹಾಕಿದ್ದರಿಂದ, ಪಾಯೆಸ್ ಕಂಡ ಬೀದಿಯ ಒಂದು ಗುಣವೂ ಹೋಯಿತು.

ಗುಡಿಯ ಉತ್ತರಕ್ಕೆ, ಹೊಳೆಯ ಕಡೆ ಇರುವ ಜನತಾ ಪ್ಲಾಟ್‌ನಲ್ಲಿ ಈಗಲೂ ಮನೆಗಳಿವೆ, ವಸತಿಗೃಹಗಳಿವೆ. ಚೈತ್ರದ ಮಹಾರಥೋತ್ಸವ ರಥಬೀದಿಯಲ್ಲೇ ನಡೆಯುತ್ತದೆ. ಚಳಿಗಾಲದಲ್ಲಿ ಪಂಪಾ ವಿರೂಪಾಕ್ಷರ ಫಲಪೂಜೆಗೂ ಸುತ್ತಲಿನ ಹಳ್ಳಿಗಳ ಜನ ಸೇರುತ್ತಾರೆ. ಮನೆಗಳನ್ನು ತೆರವು ಮಾಡಿದ ಮಾತ್ರಕ್ಕೆ ಮಂಟಪಗಳು ಗಟ್ಟಿಯಾಗಲಿಲ್ಲ. 2024ರ ಮೇ ತಿಂಗಳ ಮಳೆಗೆ ಸಾಲುಮಂಟಪದ ಒಂದು ಭಾಗ ಕುಸಿದು ಕಂಬಗಳು ಬೀದಿಗೆ ಉರುಳಿದವು.